ಪಂಜೆ ಮಂಗೇಶರಾಯರು: ಅಂಜಿಕೆಯ ತರಗತಿಗೆ ಹಾಡು ತಂದವರು

ಪಂಜೆ ಮಂಗೇಶರಾಯರು 1874ರ ಫೆಬ್ರವರಿ 22ರಂದು ಬಂಟ್ವಾಳದಲ್ಲಿ ಹುಟ್ಟಿದರು. ಮನೆಯಲ್ಲಿ ಆಡುತ್ತಿದ್ದುದು ಕೊಂಕಣಿ. ನೇತ್ರಾವತಿ ದಂಡೆಯ ಆ ಪೇಟೆಯಲ್ಲಿ ಕಿವಿಗೆ ಬೀಳುತ್ತಿದ್ದುದು ತುಳು. ಕನ್ನಡ ಅವರಿಗೆ ಮುಖ್ಯವಾಗಿ ಶಾಲೆಯಿಂದ ಬಂದ ಭಾಷೆ. ಎಳೆಯ ವಯಸ್ಸಿನಲ್ಲೇ ತಂದೆ ರಾಮಪ್ಪಯ್ಯನವರನ್ನು ಕಳೆದುಕೊಂಡು, ಬಡತನದಲ್ಲಿ ಮನೆಪಾಠ ಹೇಳುತ್ತಾ ಮಂಗಳೂರಿನಲ್ಲಿ ಓದು ಮುಂದುವರಿಸಿದರು.

ಮುಂದೆ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು, ಶಾಲಾ ಇನ್‌ಸ್ಪೆಕ್ಟರರಾದರು, ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಅಂದಿನ ಹಳ್ಳಿಶಾಲೆಯಲ್ಲಿ ಬೆತ್ತಕ್ಕೂ ಬಾಯಿಪಾಠಕ್ಕೂ ಬರವಿರಲಿಲ್ಲ. ಇನ್‌ಸ್ಪೆಕ್ಟರು ಬರುತ್ತಾರೆಂದರೆ ಮಕ್ಕಳಷ್ಟೇ ಅಲ್ಲ, ಮಾಸ್ತರರೂ ನಡುಗುತ್ತಿದ್ದರು. ಅಂಥ ಅಧಿಕಾರದಲ್ಲಿದ್ದುಕೊಂಡೇ ಪಂಜೆಯವರು ಮಕ್ಕಳಿಗಾಗಿ ಹಾಡು ಕಟ್ಟಿದರು, ಕತೆ ಹೇಳಿದರು. ಕವಿಗುರುವೆನ್ನಿಸಿಕೊಳ್ಳುವ ಹಂಬಲ ಅವರಿಗಿರಲಿಲ್ಲ. ಇಟ್ಟುಕೊಂಡ ಕಾವ್ಯನಾಮ ‘ಕವಿಶಿಷ್ಯ’. ಅವರ ಪದ್ಯಗಳು ಪಾಠಪುಸ್ತಕಗಳನ್ನು ಸೇರಿ ಊರೂರಿನ ಶಾಲೆ ತಲುಪಿದವು. 1921ರಲ್ಲಿ ಮಂಗಳೂರಿನಲ್ಲಿ ಗೆಳೆಯರೊಡನೆ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು.

ಅವರ ‘ನಾಗರಹಾವು’ ಪದ್ಯವನ್ನು ನಾವೆಲ್ಲ ಹಾಡಿ ಬೆಳೆದಿದ್ದೇವೆ. ಅದರ ನಡೆಯನ್ನು ಶಿಕ್ಷಕರ ಕಣ್ಣಿನಿಂದ ಒಮ್ಮೆ ನೋಡಬೇಕು. ಮಗು ಮೊದಲು ಹಾವನ್ನು ಹತ್ತಿರ ಕರೆಯುತ್ತದೆ, ಹಾಲು ಕೊಡುವೆನೆನ್ನುತ್ತದೆ. ಆಮೇಲೆ ಬಡವನಿಗಾಗಿ ಹೊನ್ನು ಕೇಳುತ್ತದೆ. ಕೊನೆಗೆ ಅದರ ಒಳಗಿನ ಹಗೆಯನ್ನು ತಿಳಿದು, ಕೈಮುಗಿದು ಹೊರಗೆ ಕಳುಹಿಸುತ್ತದೆ. ಹಾವಿಗೆ ವಿಷವಿಲ್ಲವೆಂದು ಕವಿ ಸುಳ್ಳು ಹೇಳುವುದಿಲ್ಲ. ಭಯದ ಎದುರು ನಿಂತು ಮಾತಾಡಲು ಮಗುವಿಗೆ ಒಂದು ತಾಳ ಕೊಡುತ್ತಾರೆ. ‘ತೆಂಕಣ ಗಾಳಿಯಾಟ’ದಲ್ಲಿಯೂ ಹಾಗೆಯೇ. ಮರಗಳನ್ನು ಅಲುಗಾಡಿಸಿ ಗುಡಿಸಲನ್ನು ಕೆಡಹುವ ಬಿರುಗಾಳಿಯ ಹೆಸರಿನಲ್ಲೇ ‘ಆಟ’ವಿದೆ. ನಷ್ಟವನ್ನು ಪದ್ಯ ಮುಚ್ಚಿಡುವುದಿಲ್ಲ, ಆದರೆ ಮಗು ಅದನ್ನು ಚಪ್ಪಾಳೆ ತಟ್ಟಿ ಹಾಡಬಲ್ಲದು. ಕಷ್ಟಕಾಲದಲ್ಲಿ ಕವಿತೆಯಿಂದ ಭರವಸೆ ಹುಟ್ಟುವ ಬಗೆ ಇದು.

ಕೊಡಗಿನಲ್ಲಿದ್ದ ಪಂಜೆಯವರು ಆ ನಾಡಿನ ಸುಗ್ಗಿಹಬ್ಬಕ್ಕೆ ‘ಹುತ್ತರಿ ಹಾಡು’ ಬರೆದರು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳ ಎದುರು ಇಂದಿಗೂ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳು ಕುಳಿತಿರುತ್ತಾರೆ. ಪದ್ಯಪಾಠವನ್ನು ಪದಗಳ ಅರ್ಥದಿಂದ ಆರಂಭಿಸಿದರೆ ಅವರಲ್ಲಿ ಕೆಲವರು ಮೊದಲ ಐದು ನಿಮಿಷದಲ್ಲೇ ಬಾಯಿ ಮುಚ್ಚುತ್ತಾರೆ. ಮೊದಲು ಎರಡು ಸಲ ಹಾಡಿಸಿ, ಅಭಿನಯ ಮಾಡಿಸಿ. ನಿಮಗೆ ಯಾವುದರ ಹೆದರಿಕೆ ಎಂದು ಅವರವರ ಮನೆಮಾತಿನಲ್ಲೇ ಕೇಳಿ. ಪದಾರ್ಥ ಆಮೇಲೆ ಬರಲಿ. ಕನ್ನಡವನ್ನು ಹೀಗೆ ಹೊರಗಿನಿಂದ ಕಲಿತ ಬಂಟ್ವಾಳದ ಹುಡುಗನೊಬ್ಬ ಅದೇ ಭಾಷೆಯಲ್ಲಿ ನಾಡಿನ ಮಕ್ಕಳಿಗೆಲ್ಲ ಹಾಡು ಕೊಟ್ಟನೆಂಬುದನ್ನೂ ಆ ತರಗತಿಗೆ ತಿಳಿಸಿ.