ದೂರು ತಾವು ಹೊತ್ತ ಸತೀಶ್ ಧವನ್

ನಮ್ಮ ಒಡೆಯರಪಾಳ್ಯ, ಹನೂರು ಕಡೆಯಿಂದ ಐಟಿಐ, ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವವರಿಗೆ ಎಚ್‌ಎಎಲ್ ಎಂದರೆ ದೊಡ್ಡ ಕನಸು. ಸತೀಶ್ ಧವನ್ ಕೂಡ ಓದು ಮುಗಿಸಿ ಮೊದಲು ಬಂದದ್ದು ಅಲ್ಲಿಗೇ. ಆಗ ಅದರ ಹೆಸರು ಹಿಂದೂಸ್ತಾನ್ ಏರ್‌ಕ್ರಾಫ್ಟ್. ಎರಡನೇ ಮಹಾಯುದ್ಧದ ಆ ಕಾಲದಲ್ಲಿ ವಿಮಾನಗಳ ದುರಸ್ತಿ, ಓವರ್‌ಹಾಲ್ ಅಲ್ಲಿನ ಮುಖ್ಯ ಕೆಲಸವಾಗಿತ್ತು.

1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಹುಟ್ಟಿದ ಧವನ್ ಲಾಹೋರಿನಲ್ಲಿ ಗಣಿತ, ಭೌತವಿಜ್ಞಾನ ಓದಿದರು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದರು, ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿಯನ್ನೂ ಪಡೆದರು. (ಕೋರ್ಸ್ ಬದಲಿಸಿದರೆ ಬದುಕೇ ಹಾಳು ಎನ್ನುವವರು ಗಮನಿಸಬೇಕು!) ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಿಎಚ್.ಡಿ. ಮುಗಿಸಿ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1962ರಲ್ಲಿ ಅದರ ನಿರ್ದೇಶಕರಾದರು, 1972ರಲ್ಲಿ ಇಸ್ರೊ ಅಧ್ಯಕ್ಷರೂ ಆದರು.

ವಿಮಾನ ನಿರ್ವಹಣೆ ಕಲಿಯುವವರಿಗೆ ಇಂದು ‘ಹ್ಯೂಮನ್ ಫ್ಯಾಕ್ಟರ್ಸ್’ ಎಂಬ ಪಾಠವಿದೆ. ಆಯಾಸ, ಅವಸರ, ಒತ್ತಡ, ಅತಿಯಾದ ಆತ್ಮವಿಶ್ವಾಸಗಳು ನುರಿತ ಕೈಯಿಂದಲೂ ಹೇಗೆ ತಪ್ಪು ಮಾಡಿಸುತ್ತವೆ ಎಂಬುದೇ ಅದರ ವಿಷಯ. ಆ ಪಾಠಕ್ಕೆ 1979ರ ಆಗಸ್ಟ್ 10ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಅಂದು ಶ್ರೀಹರಿಕೋಟಾದಲ್ಲಿ 17 ಟನ್ ತೂಕದ ಎಸ್‌ಎಲ್‌ವಿ–3 ರಾಕೆಟ್ ಹಾರಲು ಸಿದ್ಧವಾಗಿತ್ತು. ಯೋಜನೆಯ ಹೊಣೆ ಅಬ್ದುಲ್ ಕಲಾಂ ಅವರದು. ಎಚ್‌ಎಎಲ್‌ನಲ್ಲಿ ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ತರಬೇತಿ ಪಡೆದಿದ್ದವರು ಅವರೂ. ಉಡಾವಣೆಗೆ ಕೆಲವೇ ಕ್ಷಣಗಳಿರುವಾಗ, ನಿಯಂತ್ರಣ ವ್ಯವಸ್ಥೆ ಸರಿಯಿಲ್ಲವೆಂದು ಕಂಪ್ಯೂಟರ್ ಎಣಿಕೆಯನ್ನು ತಡೆಯಿತು. ಸಾಕಷ್ಟು ಇಂಧನವಿದೆ, ಚಿಂತೆಯಿಲ್ಲ ಎಂದರು ಜೊತೆಗಿದ್ದ ತಜ್ಞರು. ಕಲಾಂ ಕಂಪ್ಯೂಟರನ್ನು ಬದಿಗಿಟ್ಟು ಉಡಾವಣೆಗೆ ಒಪ್ಪಿದರು. ಮೊದಲ ಹಂತ ಸರಿಯಾಗಿ ನಡೆಯಿತು, ಎರಡನೆಯದು ಹತೋಟಿ ತಪ್ಪಿತು. 317 ಸೆಕೆಂಡುಗಳಲ್ಲಿ ಎಲ್ಲವೂ ಬಂಗಾಳ ಕೊಲ್ಲಿಯ ಪಾಲು.

ಸಿಟ್ಟಾಗಿದ್ದ ಪತ್ರಕರ್ತರ ಮುಂದೆ ಧವನ್ ತಾವೇ ಕುಳಿತರು. ವೈಫಲ್ಯವನ್ನು ತಮ್ಮ ಮೇಲೆ ಹಾಕಿಕೊಂಡರು, ತಮ್ಮ ತಂಡದ ಮೇಲೆ ನಂಬಿಕೆಯಿದೆ ಎಂದು ಹೇಳಿದರು. ಇದನ್ನು ದೊಡ್ಡ ಮನಸ್ಸು ಎಂದಷ್ಟೇ ಹೊಗಳಿ ಬಿಡುವುದು ಸರಿಯಲ್ಲ. ಇದರಲ್ಲಿ ಎಂಜಿನಿಯರಿಂಗ್ ಲೆಕ್ಕವೂ ಇದೆ. ಕೆಲಸ ಹೋಗುವ ಭಯವಿದ್ದರೆ ಯಾವ ತಂತ್ರಜ್ಞ ಬಾಯಿ ಬಿಡುತ್ತಾನೆ? ಬಾಯಿ ಬಿಡದಿದ್ದರೆ ದೋಷ ಎಲ್ಲಿದೆಯೆಂದು ಗೊತ್ತಾಗುವುದು ಹೇಗೆ?

ತನಿಖೆಯಲ್ಲಿ ದೋಷ ಸಿಕ್ಕಿತು. ಕೊಳೆ ಸಿಕ್ಕಿಕೊಂಡ ಒಂದು ಸೊಲೆನಾಯ್ಡ್ ವಾಲ್ವ್, ಉಡಾವಣೆಗೆ ಎಂಟು ನಿಮಿಷ ಮುಂಚೆ ತೆರೆದದ್ದು ಮತ್ತೆ ಮುಚ್ಚಿರಲಿಲ್ಲ. ಎರಡನೇ ಹಂತವನ್ನು ನಿಯಂತ್ರಿಸಲು ಬೇಕಾದ ನೈಟ್ರಿಕ್ ಆಮ್ಲ ಸೋರಿಹೋಗಿತ್ತು. ಕಂಪ್ಯೂಟರ್ ತಡೆದದ್ದು ಸುಮ್ಮನೆ ಅಲ್ಲ.

ಅದೇ ತಂಡ, ಅದೇ ಕಲಾಂ 1980ರ ಜುಲೈ 18ರಂದು 35 ಕಿಲೊ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದರು. ಆ ದಿನದ ಪತ್ರಿಕಾಗೋಷ್ಠಿ ನಡೆಸಲು ಧವನ್ ಕಲಾಂ ಅವರಿಗೆ ಹೇಳಿದರು.