ರುಡಾಲ್ಫ್ ಡೀಸೆಲ್

ಹಿರಿಯೂರು, ಚಿತ್ರದುರ್ಗಗಳ ಹೆದ್ದಾರಿಯಲ್ಲಿ ಹಗಲಿರುಳು ಓಡುವ ಲಾರಿಗಳ ಎಣ್ಣೆಗೆ ತನ್ನ ಹೆಸರನ್ನು ಬಿಟ್ಟುಹೋದ ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್ಸಿನಲ್ಲಿ, ಜರ್ಮನ್ ತಂದೆತಾಯಿಗಳಿಗೆ ಹುಟ್ಟಿದನು. ಉಗಿಯಂತ್ರವು ಕಲ್ಲಿದ್ದಲಿನ ಶಾಖದಲ್ಲಿ ಹತ್ತರಲ್ಲೊಂದು ಪಾಲನ್ನೂ ದುಡಿಮೆಗೆ ತಾರದೆಂದು ಮ್ಯೂನಿಕ್ಕಿನಲ್ಲಿ ಗುರು ಲಿಂಡೆಯಿಂದ ಕೇಳಿದ್ದೇ ಆತನ ಬಾಳಿನ ಗುರಿಯನ್ನು ನಿರ್ಣಯಿಸಿತು. ಬಲವಾಗಿ ಅದುಮಿದ ಗಾಳಿಯ ಕಾವಿನಿಂದಲೇ ಇಂಧನವನ್ನು ಹೊತ್ತಿಸುವುದು ಆತನ ಯೋಜನೆ. 1893ರ ಮೊದಲ ಯಂತ್ರ ಕೈಕೊಟ್ಟಿತು, ಆತ ಎದೆಗುಂದಲಿಲ್ಲ. 1897ರ ಫೆಬ್ರವರಿಯಲ್ಲಿ ಆಗ್ಸ್‌ಬರ್ಗಿನಲ್ಲಿ ಪ್ರಾಧ್ಯಾಪಕ ಶ್ರೋಟರ್ ಅಳೆದು ನೋಡಿದಾಗ ಹೊಸ ಯಂತ್ರವು ಸುಮಾರು 18 ಅಶ್ವಶಕ್ತಿಯನ್ನು ತೋರಿತು. ಶಾಖದಲ್ಲಿ ಶೇಕಡ 26ರಷ್ಟನ್ನು ದುಡಿಮೆಯಾಗಿಸಿತು. ಮಿಕ್ಕದ್ದು ಬಹುಮಟ್ಟಿಗೆ ಹೊಗೆಯೊಡನೆ, ತಣಿಸುವ ನೀರಿನೊಡನೆ ಹರಿದುಹೋಯಿತು. ಆದರೂ ಅಂದಿನ ಯಾವ ಯಂತ್ರವೂ ಅದಕ್ಕೆ ಸಾಟಿಯಾಗಿರಲಿಲ್ಲ. ಕೀರ್ತಿಯ ಬೆನ್ನಿಗೇ ಸಾಲ ಬಂದಿತು. 1913ರ ಸೆಪ್ಟೆಂಬರ್ 29ರ ರಾತ್ರಿ, ಇಂಗ್ಲೆಂಡಿಗೆ ಸಾಗುತ್ತಿದ್ದ ಹಡಗಿನಿಂದ ಆತ ಕಣ್ಮರೆಯಾದನು. ಶಾಖದ ಲೆಕ್ಕವನ್ನು ಗೆದ್ದವನಿಗೆ ಹಣದ ಲೆಕ್ಕ ಒಲಿಯಲಿಲ್ಲ.