ಮ್ಯಾಕ್ಸ್ ಬಾರ್ನ್ ಬೆಂಗಳೂರಲ್ಲೇ ಉಳೀಬಹುದಿತ್ತು

ಖಾನಾಪುರದಿಂದ ದಿನಾ ಬೆಳಗಾವಿಗೆ ಕಾಲೇಜಿಗೆ ಬರೋಳು ನಾನು. ಗುಡ್ಡ, ಕಣಿವೆ ನನಗೆ ಹೊಸದಲ್ಲ. ಮೊನ್ನೆ ಲೈಬ್ರರಿಯಲ್ಲಿ ಒಂದು ಕೆಮಿಸ್ಟ್ರಿ ಪುಸ್ತಕ ತೆಗೆದರೆ ಅಲ್ಲೂ ಗುಡ್ಡ ಕಣಿವೆಯ ಚಿತ್ರ! ಪೊಟೆನ್ಶಿಯಲ್ ಎನರ್ಜಿ ಸರ್ಫೇಸ್ ಅಂತ ಹೆಸರು. ಅಣುವಿನೊಳಗಿನ ಪರಮಾಣುಗಳನ್ನು ಹತ್ತಿರ, ದೂರ ಸರಿಸಿದಂತೆ ಶಕ್ತಿ ಎಷ್ಟು ಏರುತ್ತೆ, ಎಷ್ಟು ಇಳಿಯುತ್ತೆ ಅನ್ನೋದರ ನಕ್ಷೆ ಅದು. ಕಣಿವೆಯ ತಳದಲ್ಲಿ ಅಣು ನೆಮ್ಮದಿಯಾಗಿರುತ್ತೆ. ರಾಸಾಯನಿಕ ಕ್ರಿಯೆ ಅಂದ್ರೆ ನಾವು ಚೋರ್ಲಾ ಘಾಟ್ ದಾಟಿ ಗೋವಾಕ್ಕೆ ಇಳಿದ ಹಾಗೆ. ತಳದಲ್ಲೂ ಅಣು ಸುಮ್ನೆ ಕೂರಲ್ಲ, ಅಲುಗಾಡ್ತಾನೇ ಇರುತ್ತೆ. ಅದು ಯಾವ ಬೆಳಕನ್ನು ಹೀರುತ್ತೆ ಅಂತ ಅಳೆದರೆ ಕಣಿವೆ ಎಷ್ಟು ಕಡಿದಾಗಿದೆ ಅಂತ ತಿಳಿಯುತ್ತೆ. ಸ್ಪೆಕ್ಟ್ರೋಸ್ಕೋಪಿಯವರು ಮಾಡೋದು ಇದನ್ನೇ.

ಈ ನಕ್ಷೆಗೆ ಬುನಾದಿ ಹಾಕಿದವರು ಮ್ಯಾಕ್ಸ್ ಬಾರ್ನ್. 1882ರಲ್ಲಿ ಬ್ರೆಸ್ಲಾವ್ ಊರಲ್ಲಿ (ಆಗ ಜರ್ಮನಿ, ಈಗ ಪೋಲೆಂಡ್) ಯಹೂದಿ ಮನೆತನದಲ್ಲಿ ಹುಟ್ಟಿದರು. ತೀರಾ ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. ಮುಂದೆ ಗಾಟಿಂಗೆನ್‌ನಲ್ಲಿ ಪ್ರೊಫೆಸರ್ ಆದರು. 1927ರಲ್ಲಿ ತಮ್ಮ ವಿದ್ಯಾರ್ಥಿ ಓಪನ್‌ಹೈಮರ್ (ಹೌದು, ಸಿನಿಮಾ ಬಂತಲ್ಲ, ಅವರೇ) ಜೊತೆ ಒಂದು ಪೇಪರ್ ಬರೆದರು. ಎಲ್ಲಕ್ಕಿಂತ ಹಗುರವಾದ ನ್ಯೂಕ್ಲಿಯಸ್ ಕೂಡ ಎಲೆಕ್ಟ್ರಾನ್‌ಗಿಂತ ಸುಮಾರು 1836 ಪಟ್ಟು ಭಾರ. ಹಾಗಾಗಿ ನ್ಯೂಕ್ಲಿಯಸ್‌ಗಳು ನಿಂತೇ ಇವೆ ಅಂತ ಇಟ್ಟುಕೊಂಡು ಮೊದಲು ಎಲೆಕ್ಟ್ರಾನ್‌ಗಳ ಲೆಕ್ಕ ಮುಗಿಸಬಹುದು. ಆಮೇಲೆ ನ್ಯೂಕ್ಲಿಯಸ್‌ಗಳನ್ನ ಸ್ವಲ್ಪ ಸರಿಸಿ ಮತ್ತೆ ಲೆಕ್ಕ. ಹೀಗೆ ಸಿಕ್ಕ ಉತ್ತರಗಳನ್ನ ಗುರುತು ಹಾಕ್ತಾ ಹೋದ್ರೆ ಗುಡ್ಡ ಕಣಿವೆ ತಾನಾಗೇ ಮೂಡುತ್ತೆ.

1933ರಲ್ಲಿ ಹಿಟ್ಲರ್ ಬಂದ, ಬಾರ್ನ್ ಕೆಲಸ ಹೋಯ್ತು. ಹೆಂಡತಿ ಮಕ್ಕಳ ಜೊತೆ ಇಂಗ್ಲೆಂಡಿಗೆ ಹೋದರು. ಕೇಂಬ್ರಿಡ್ಜ್‌ನಲ್ಲಿ ಸಿಕ್ಕಿದ್ದು ತಾತ್ಕಾಲಿಕ ಕೆಲಸ ಅಷ್ಟೇ. ಆಗ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಡೈರೆಕ್ಟರ್ ಆಗಿದ್ದವರು ಸರ್ ಸಿ.ವಿ. ರಾಮನ್. ಅವರು ಕರೆದರು. 1935ರ ಕೊನೆಗೆ ಬಾರ್ನ್ ಹೆಂಡತಿ ಹೆಡಿ ಜೊತೆ ಬಂದು ಸುಮಾರು ಆರು ತಿಂಗಳು ಇದ್ದರು. ಪಾಠ ಮಾಡಿದರು, ರಾಮನ್ ಶಿಷ್ಯ ನಾಗೇಂದ್ರನಾಥ್ ಜೊತೆ ಸೇರಿ ಸಂಶೋಧನೆ ಮಾಡಿದರು. ಇವರನ್ನ ಇಲ್ಲೇ ಕಾಯಂ ಮಾಡ್ಬೇಕು ಅಂತ ರಾಮನ್ ಆಸೆ.

ಅದಕ್ಕೆ ಸಭೆ ಸೇರಿತು, ಬಾರ್ನ್ ಕೂಡ ಅಲ್ಲೇ ಕೂತಿದ್ದರು. ರಾಮನ್ ಅವರನ್ನ ಬಾಯ್ತುಂಬ ಹೊಗಳಿದರು. ಆಮೇಲೆ ಎಲೆಕ್ಟ್ರಿಕಲ್ ವಿಭಾಗದ (ನನ್ನದೂ ಅದೇ ಬ್ರಾಂಚ್, ನಾಚಿಕೆ ಆಯ್ತು) ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎದ್ದು, ಸ್ವಂತ ದೇಶದವರೇ ಓಡಿಸಿದ ಎರಡನೇ ದರ್ಜೆಯ ಪರದೇಶಿ ನಮಗೆ ಬೇಡ ಅನ್ನೋ ಅರ್ಥದಲ್ಲಿ ಮಾತಾಡಿದರು. ಬಾರ್ನ್‌ಗೆ ಆಗ 53 ವರ್ಷ. ಮನೆಗೆ ಹೋಗಿ ಹೆಂಡತಿ ಮುಂದೆ ಅತ್ತುಬಿಟ್ಟರಂತೆ. ಇದನ್ನ ಓದಿದ ದಿನ ಬಸ್ಸಲ್ಲಿ ಖಾನಾಪುರ ಬರೋವರೆಗೂ ನನ್ನ ತಲೆಯಲ್ಲಿ ಇದೇ ಇತ್ತು.

ಕೆಲಸ ಕಾಯಂ ಆಗಲಿಲ್ಲ. 1936ರಲ್ಲೇ ಎಡಿನ್‌ಬರೋ ವಿಶ್ವವಿದ್ಯಾಲಯ ಕರೆಯಿತು, ಅಲ್ಲಿ 17 ವರ್ಷ ಪ್ರೊಫೆಸರ್ ಆಗಿದ್ದರು. ಹರಳುಗಳೊಳಗಿನ ಕಂಪನದ ವಿಷಯದಲ್ಲಿ ಮುಂದೆ ರಾಮನ್ ಜೊತೆಗೇ ಜೋರು ಜಗಳ ಆಯ್ತು, ಬಾರ್ನ್ ಸಿದ್ಧಾಂತ ತಪ್ಪು ಅಂತ ರಾಮನ್ ಹಟ ಹಿಡಿದರು. ಕೊನೆಗೆ ನಿಂತಿದ್ದು ಬಾರ್ನ್ ಸಿದ್ಧಾಂತ. 1954ರಲ್ಲಿ ಬೇರೆ ಕೆಲಸಕ್ಕೆ, ಕ್ವಾಂಟಮ್ ಲೆಕ್ಕ ಹೇಳೋದು ಸಂಭವನೀಯತೆಯನ್ನ ಅಂತ ತೋರಿಸಿದ್ದಕ್ಕೆ, ನೊಬೆಲ್ ಬಂತು. ಅಷ್ಟರಲ್ಲಿ ಅವರು ಜರ್ಮನಿಗೇ ವಾಪಸ್ ಹೋಗಿದ್ದರು. 1970ರ ಜನವರಿ 5ರಂದು ಗಾಟಿಂಗೆನ್‌ನಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರ್ 21ಕ್ಕೆ ಬೆಂಗಳೂರಿನಲ್ಲಿ ರಾಮನ್ ಕೂಡ ಹೋದರು.